ಚೀನೀಯರ ಸೂಜಿ ಚಿಕಿತ್ಸೆ: ಸ್ವರೂಪ ಮತ್ತು ಮಿತಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಆರೋಗ್ಯ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ವೈದ್ಯನಲ್ಲ, ಮಕ್ಕಳಿಗೆ ಗಣಿತ ಮತ್ತು ವಿಜ್ಞಾನಗಳನ್ನು ಕನ್ನಡದಲ್ಲಿ ಬೋಧಿಸಿದ ಮಾಸ್ತರನಷ್ಟೇ ಎಂದು ನಿವೇದಿಸಿಕೊಂಡೆ. ಆದರೆ ನಿವೃತ್ತ ಮಾಸ್ತರನನ್ನು ಹಳೆಯ ವಿದ್ಯಾರ್ಥಿಗಳು ಎಲ್ಲ ವಿಷಯಗಳಲ್ಲೂ ಪ್ರಶ್ನಿಸುವುದುಂಟು. “ಗುರುಗಳೇ, ಈ ಸೂಜಿ ಚುಚ್ಚಿಸಿಕೊಂಡ್ರ ನಮ್ಮವ್ವನ ಮೊಳಕಾಲ ಬ್ಯಾನಿ ಹೋಗತೈತೇನ್ರಿ?” ಎಂಬ ಪ್ರಶ್ನೆಯನ್ನು ಈಚಿನ ವರ್ಷಗಳಲ್ಲಿ ಹಲವರ ಬಾಯಿಂದ ಕೇಳಿದ್ದೇನೆ. ಕೈಮಗ್ಗ, ವಿದ್ಯುತ್ ಮಗ್ಗಗಳ ಮುಂದೆ ನಿಂತು ಸವೆದ ಕಾಲುಗಳೂ, ದಿನವಿಡೀ ಬಾಗಿ ಕುಳಿತು ಬೀಡಿ ಕಟ್ಟಿದ ಬೆನ್ನುಗಳೂ ನಮ್ಮ ಸೊಲ್ಲಾಪುರದಲ್ಲಿ ಮನೆಮನೆಗಳಲ್ಲಿವೆ. ಆದುದರಿಂದ ಪ್ರಶ್ನೆ ಸಾಮಾನ್ಯದ್ದಲ್ಲ. ತಿಳಿದ ಮಟ್ಟಿಗೆ ಅದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇನೆ.

ಸೊಲ್ಲಾಪುರದವರಿಗೆ ಈ ವಿಷಯ ತೀರ ಪರಕೀಯವೇನಲ್ಲ. ಜಪಾನಿನ ಆಕ್ರಮಣಕ್ಕೆ ಗುರಿಯಾಗಿದ್ದ ಚೀನಾಕ್ಕೆ ೧೯೩೮ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವೊಂದನ್ನು ಕಳುಹಿಸಿಕೊಟ್ಟಿತು. ಅವರಲ್ಲೊಬ್ಬರು ೧೯೧೦ರಲ್ಲಿ ಇದೇ ಊರಿನಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸರು. ಉಳಿದವರು ಹಿಂದಿರುಗಿದರೂ ಅವರು ಅಲ್ಲಿಯೇ ನಿಂತರು. ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅಲ್ಲಿಯ ದಾದಿ ಗುವೊ ಚಿಂಗ್‌ಲಾನ್ ಅವರನ್ನು ವರಿಸಿದರು. ೧೯೪೨ರ ಡಿಸೆಂಬರ್ ೯ರಂದು, ಕೇವಲ ಮೂವತ್ತೆರಡನೆಯ ವಯಸ್ಸಿನಲ್ಲಿ, ಅಪಸ್ಮಾರಕ್ಕೆ ಬಲಿಯಾದರು. ಭಯ್ಯಾ ಚೌಕದ ಬಳಿ ಅವರ ಸ್ಮಾರಕವನ್ನು ನಮ್ಮ ವಿದ್ಯಾರ್ಥಿಗಳು ನೋಡಿರುತ್ತಾರೆ.

ಕೋಟ್ನೀಸರು ಸೂಜಿ ಚುಚ್ಚಿ ಚೀನೀ ಸೈನಿಕರನ್ನು ಗುಣಪಡಿಸಿದರೆಂದು ಸಭೆಗಳಲ್ಲಿ ಕೆಲವರು ಭಾಷಣ ಮಾಡುವುದುಂಟು. ಇದು ಸರಿಯಲ್ಲ. ಅವರು ಮುಂಬಯಿಯ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಶಸ್ತ್ರವೈದ್ಯರು. ಗಾಯಾಳುಗಳಿಗೆ ಅವರು ಮಾಡಿದ್ದು ಶಸ್ತ್ರಕ್ರಿಯೆ. ಸೂಜಿ ಚಿಕಿತ್ಸೆಯನ್ನು ನಮ್ಮ ದೇಶಕ್ಕೆ ತಂದವರು ಅದೇ ತಂಡದಲ್ಲಿದ್ದ ಕಲಕತ್ತೆಯ ಡಾ. ಬಿಜೊಯ್ ಕುಮಾರ್ ಬಸು. ಅವರು ೧೯೫೦ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆ ವಿದ್ಯೆಯನ್ನು ಕಲಿತು ಬಂದು ಕಲಕತ್ತೆಯಲ್ಲಿ ಆರಂಭಿಸಿದರು. ಲುಧಿಯಾನಾದಲ್ಲಿ ಕೋಟ್ನೀಸರ ಹೆಸರಿನದೇ ಸೂಜಿ ಚಿಕಿತ್ಸೆಯ ಆಸ್ಪತ್ರೆಯಿದೆ. ಹೀಗೆ ನಮ್ಮೂರಿನ ಹೆಸರು ಈ ವಿದ್ಯೆಯೊಡನೆ ಬೆಸೆದುಕೊಂಡದ್ದು ಸ್ನೇಹದ ಮೂಲಕವೇ ಹೊರತು ಚಿಕಿತ್ಸೆಯ ಮೂಲಕವಲ್ಲ.

ಇನ್ನು ವಿದ್ಯೆಯ ವಿಚಾರ. ನಮ್ಮವರು ‘ಪ್ರಾಣ’ವೆನ್ನುವಂತೆ ಚೀನೀಯರು ‘ಛಿ’ ಎನ್ನುತ್ತಾರೆ. ಈ ಶಕ್ತಿಯು ಶರೀರದಲ್ಲಿ ಹನ್ನೆರಡು ಮುಖ್ಯ ಮಾರ್ಗಗಳಲ್ಲಿ ಸಂಚರಿಸುತ್ತದೆ, ಅದು ಎಲ್ಲಿಯಾದರೂ ತಡೆದು ನಿಂತರೆ ನೋವು ಅಥವಾ ರೋಗ ತಲೆದೋರುತ್ತದೆ, ಆ ಮಾರ್ಗದ ಮೇಲಿನ ನಿಯತ ಬಿಂದುವಿನಲ್ಲಿ ಸೂಜಿಯಿಟ್ಟರೆ ತಡೆ ಕರಗುತ್ತದೆ ಎಂಬುದು ಅವರ ಸಿದ್ಧಾಂತ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ‘ಹುವಾಂಗ್‌ದಿ ನೈಜಿಂಗ್’ ಎಂಬ ಗ್ರಂಥವು ಇದಕ್ಕೆ ಆಧಾರ. ಆದರೆ ಸಿದ್ಧಾಂತವು ಒಮ್ಮೆಲೇ ಪೂರ್ಣರೂಪದಲ್ಲಿ ಹುಟ್ಟಲಿಲ್ಲ. ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ ೧೬೮ರ ಸಮಾಧಿಯೊಂದರಲ್ಲಿ ೧೯೭೩ರಲ್ಲಿ ದೊರೆತ ರೇಷ್ಮೆಯ ಹಸ್ತಪ್ರತಿಗಳಲ್ಲಿ ಹನ್ನೊಂದೇ ಮಾರ್ಗಗಳಿವೆ. ಅವುಗಳ ಮೇಲೆ ಶಾಖ ಕೊಡುವ ವಿಧಿಯಿದೆ, ಸೂಜಿಯ ಮಾತಿಲ್ಲ.

ಈಗ ಶಾಸ್ತ್ರೀಯವಾಗಿ ಎಣಿಸುವ ಬಿಂದುಗಳು ೩೬೧. ಅವುಗಳನ್ನು ಗುರುತಿಸುವ ಅಳತೆ ‘ತ್ಸುನ್’, ಎಂದರೆ ಹೆಬ್ಬೆರಳ ಅಗಲ, ನಮ್ಮ ಅಂಗುಲವೆನ್ನಿ. ವಿಶೇಷವೇನೆಂದರೆ ಅದು ವೈದ್ಯನ ಬೆರಳಲ್ಲ, ರೋಗಿಯ ಬೆರಳು. ಆದುದರಿಂದ ಮಗುವಿಗೆ ಮಗುವಿನ ಅಳತೆ, ಪೈಲವಾನನಿಗೆ ಪೈಲವಾನನ ಅಳತೆ. ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳಿನಷ್ಟು ಇಳಿದು ಹೊರಮಗ್ಗುಲಲ್ಲಿರುವ ಬಿಂದುವಿಗೆ ‘ತ್ಸು ಸಾನ್ ಲಿ’ ಎಂದು ಹೆಸರು. ‘ಕಾಲಿನ ಮೂರು ಲಿ’ ಎಂದರ್ಥ. ಲಿ ಎಂಬುದು ದೂರದ ಮಾನ. ದಣಿದ ಪಯಣಿಗನು ಅದನ್ನು ಒತ್ತಿಕೊಂಡರೆ ಇನ್ನೂ ಮೂರು ಲಿ ನಡೆಯಬಲ್ಲನೆಂದು ಅವರಲ್ಲಿ ಹೇಳಿಕೆ.

ಶಿಕ್ಷಕನಾದ ನನಗೆ ಬಹಳ ಮೆಚ್ಚುಗೆಯಾದದ್ದು ಅವರ ಪಾಠೋಪಕರಣ. ಸೋಂಗ್ ರಾಜವಂಶದ ಕಾಲದಲ್ಲಿ, ೧೦೨೭ರಲ್ಲಿ, ವಾಂಗ್ ವೇಯಿಯಿ ಎಂಬ ರಾಜವೈದ್ಯನು ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಮಾಡಿಸಿದನು. ಬಿಂದುಗಳಿರುವಲ್ಲೆಲ್ಲ ರಂಧ್ರ. ಪರೀಕ್ಷೆಯ ದಿನ ಪ್ರತಿಮೆಯ ಒಳಗೆ ದ್ರವ ತುಂಬಿ, ಹೊರಗೆ ಮೇಣ ಬಳಿದು ರಂಧ್ರಗಳನ್ನು ಮುಚ್ಚುತ್ತಿದ್ದರಂತೆ. ವಿದ್ಯಾರ್ಥಿಯ ಸೂಜಿ ಸರಿಯಾದ ಸ್ಥಳದಲ್ಲಿ ಇಳಿದರೆ ದ್ರವ ಹೊರಬರುವುದು, ಇಲ್ಲವಾದರೆ ಅನುತ್ತೀರ್ಣ! ನಕಲಿಗೆ ಆಸ್ಪದವೇ ಇಲ್ಲದ ಇಂಥ ಪ್ರಶ್ನಪತ್ರಿಕೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಚಿಕಿತ್ಸೆಯ ಸೂಜಿ ಇಂಜೆಕ್ಷನ್ನಿನ ಸೂಜಿಯಂತೆ ಟೊಳ್ಳಲ್ಲ. ಅದು ಗಟ್ಟಿಯಾದ, ಕೂದಲಿಗಿಂತ ಸ್ವಲ್ಪವೇ ದಪ್ಪವಾದ ತುಕ್ಕು ಹಿಡಿಯದ ಉಕ್ಕಿನ ಕಡ್ಡಿ. ಅದರಿಂದ ಔಷಧವೇನೂ ಒಳಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ ಇರಿಸುತ್ತಾರೆ. ಚುಚ್ಚಿದಲ್ಲಿ ಭಾರವಾದಂತೆ, ಜೋಮು ಹಿಡಿದಂತೆ ಅನಿಸುತ್ತದೆ. ಸೂಜಿಯ ಜೊತೆಗೆ ‘ಮೋಕ್ಸಾ’ ಎಂಬ ಶಾಖವನ್ನೂ ಕೊಡುವುದುಂಟು. ಅದಕ್ಕೆ ಬಳಸುವ ಒಣಗಿದ ಎಲೆಯ ಗಿಡವು ನಾವು ದೇವರಿಗೆ ಏರಿಸುವ ದವನದ ಕುಲದ್ದೇ. ಚರ್ಮದ ಮೇಲೆ ಬಟ್ಟಲು ಕವುಚಿ ಹೀರುವ ಇನ್ನೊಂದು ವಿಧಾನವೂ ಇದೆ. ಕೊಂಬು ಮತ್ತು ಸೋರೆಬುರುಡೆಗಳಿಂದ ರಕ್ತ ಹೀರುವ ಕ್ರಮವನ್ನು ನಮ್ಮ ಸುಶ್ರುತ ಸಂಹಿತೆಯೂ ಹೇಳುತ್ತದೆ.

ಇದೆಲ್ಲವೂ ಚೀನಾದಲ್ಲಿ ಸದಾ ಗೌರವಕ್ಕೆ ಪಾತ್ರವಾಗಿತ್ತೆಂದು ಭಾವಿಸಬಾರದು. ೧೮೨೨ರಲ್ಲಿ ದಾವೊಗುವಾಂಗ್ ಚಕ್ರವರ್ತಿಯು ರಾಜವೈದ್ಯಶಾಲೆಯಿಂದ ಸೂಜಿ ವಿಭಾಗವನ್ನೇ ತೆಗೆದುಹಾಕಿಸಿದನು. ೧೯೪೯ರ ಕ್ರಾಂತಿಯ ತರುವಾಯ, ಕೋಟಿಗಟ್ಟಲೆ ಗ್ರಾಮೀಣರಿಗೆ ಸಾಕಷ್ಟು ವೈದ್ಯರಿಲ್ಲದಿದ್ದಾಗ, ಮಾವೊ ಸರ್ಕಾರವು ಹಳೆಯ ವಿದ್ಯೆಗೆ ಮರಳಿ ಮನ್ನಣೆ ನೀಡಿತು. ಅಗ್ಗದ ಸೂಜಿಯು ‘ಬರಿಗಾಲ ವೈದ್ಯ’ರ ಚೀಲ ಸೇರಿತು. ೧೯೭೧ರಲ್ಲಿ ಅಮೇರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ನರಿಗೆ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಯಾಯಿತು. ಅವರ ಬರಹದಿಂದ ಸೂಜಿಯ ಕೀರ್ತಿ ಜಗತ್ತಿಗೆಲ್ಲ ಹಬ್ಬಿತು. ಸೂಜಿಯಿಂದಲೇ ಅರಿವಳಿಕೆ ಮಾಡಿ ಹೊಟ್ಟೆ ಕೊಯ್ದರೆಂದು ಇಂದಿಗೂ ಅನೇಕರು ನಂಬಿದ್ದಾರೆ. ರೆಸ್ಟನ್ನರು ಬರೆದದ್ದು ಬೇರೆ: ಶಸ್ತ್ರಕ್ರಿಯೆಯು ಎಂದಿನಂತೆ ಅರಿವಳಿಕೆಯ ಇಂಜೆಕ್ಷನ್ನಿನಿಂದಲೇ ನಡೆಯಿತು, ಅನಂತರ ಕಾಡಿದ ಹೊಟ್ಟೆಯ ಸಂಕಟಕ್ಕೆ ಮಾತ್ರ ಸೂಜಿ, ಶಾಖಗಳ ಉಪಚಾರವಾಯಿತು.

ಹಾಗಾದರೆ ಗುಣವುಂಟೋ ಇಲ್ಲವೋ? ಈ ಪ್ರಶ್ನೆಗೆ ಜರ್ಮನಿಯವರು ಒಳ್ಳೆಯ ಉಪಾಯವೊಂದನ್ನು ಹೂಡಿದರು. ಬಹುಕಾಲದ ಬೆನ್ನುನೋವಿನ ೧,೧೬೨ ಜನರನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುಗಳೇ ಅಲ್ಲದ ಸ್ಥಳಗಳಲ್ಲಿ ಮೇಲೆ ಮೇಲೆ ಸೂಜಿ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ ಮುಂತಾದ ವಾಡಿಕೆಯ ಚಿಕಿತ್ಸೆ. ೨೦೦೭ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರು ತಿಂಗಳ ಬಳಿಕ ಉಪಶಮನ ಕಂಡವರು ಕ್ರಮವಾಗಿ ಶೇಕಡಾ ೪೭.೬, ೪೪.೨ ಮತ್ತು ೨೭.೪. ಈ ಮೂರು ಅಂಕಿಗಳನ್ನು ನಿಧಾನವಾಗಿ ಓದಬೇಕು. ಸೂಜಿ ಚುಚ್ಚಿಸಿಕೊಂಡವರು ವಾಡಿಕೆಯ ಚಿಕಿತ್ಸೆಯವರಿಗಿಂತ ಮೇಲಾದರು, ನಿಜ. ಆದರೆ ಎಲ್ಲಿ ಚುಚ್ಚಿದರೂ ಫಲ ಬಹುಮಟ್ಟಿಗೆ ಒಂದೇ! ಎಂದ ಮೇಲೆ ೩೬೧ ಬಿಂದುಗಳ ನಕ್ಷೆಗೆ ಈ ಪರೀಕ್ಷೆಯಲ್ಲಿ ಸಮರ್ಥನೆ ದೊರೆಯಲಿಲ್ಲ. ಚುಚ್ಚುವಿಕೆಯಿಂದ ಮೆದುಳಿನಲ್ಲಿ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ದ್ರವ್ಯ ಸ್ರವಿಸುತ್ತದೆಂದು ೧೯೭೦ರ ದಶಕದಿಂದ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ; ವೈದ್ಯನ ಆರೈಕೆ, ರೋಗಿಯ ಭರವಸೆಗಳೂ ಕೆಲಸ ಮಾಡುತ್ತವೆ. ಭರವಸೆಯಿಂದ ಇಳಿದ ನೋವೂ ಇಳಿದ ನೋವೇ ಎಂಬುದು ನನ್ನ ಮತ. ಆದರೆ ಭರವಸೆಯಿಂದ ಸಕ್ಕರೆ ಇಳಿಯದು, ಗಡ್ಡೆ ಕರಗದು.

ಬ್ರಿಟನ್ನಿನ ಸರ್ಕಾರಿ ವೈದ್ಯಕೀಯ ಮಾರ್ಗದರ್ಶನವೂ ಹೀಗೆಯೇ ವಿವೇಚಿಸುತ್ತದೆ. ಅರೆತಲೆನೋವು ಮರುಕಳಿಸದಂತೆ ಕೊಡುವ ಔಷಧಗಳು ಒಗ್ಗದಿದ್ದರೆ ಹತ್ತು ಸಲದವರೆಗೆ ಸೂಜಿಯನ್ನು ಪ್ರಯತ್ನಿಸಬಹುದೆಂದು ಅದು ಹೇಳುತ್ತದೆ. ಮೊಣಕಾಲಿನ ಕೀಲು ಸವೆತಕ್ಕಾದರೋ, ಸೂಜಿ ಬೇಡ, ವ್ಯಾಯಾಮವೇ ಮೊದಲೆಂದು ೨೦೨೨ರಲ್ಲಿ ಸೂಚಿಸಿತು. ಆದುದರಿಂದ ‘ಅವ್ವನ ಮೊಳಕಾಲ’ ಪ್ರಶ್ನೆಗೆ ನನ್ನ ಉತ್ತರ: ಕೆಲಕಾಲ ಹಾಯೆನಿಸಬಹುದು, ಸವೆದ ಕೀಲು ಮರಳಿ ಬೆಳೆಯದು, ತೊಡೆಯ ಸ್ನಾಯು ಬಲಿಯುವ ವ್ಯಾಯಾಮವನ್ನು ಬಿಡಿಸಬೇಡಿರಿ.

ಪರೀಕ್ಷೆಗೆ ಒಡ್ಡುವುದೆಂದರೆ ಹಳೆಯದನ್ನು ಹೀಗಳೆಯುವುದೆಂದು ಕೆಲವರು ಮುನಿಯುತ್ತಾರೆ. ಅವರು ತು ಯೂಯೂ ಎಂಬ ಚೀನೀ ಮಹಿಳೆಯ ಕಾರ್ಯವನ್ನು ಗಮನಿಸಬೇಕು. ಮಲೇರಿಯಾಕ್ಕೆ ಔಷಧ ಹುಡುಕುತ್ತಿದ್ದ ಆಕೆ ಹಳೆಯ ವೈದ್ಯಗ್ರಂಥಗಳನ್ನು ಶೋಧಿಸಿದರು. ದವನದ ಕುಲದ್ದೇ ಆದ ಛಿಂಗ್‌ಹಾವೊ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದು ನಾಲ್ಕನೆಯ ಶತಮಾನದ ಗೆ ಹೋಂಗನು ಬರೆದಿದ್ದನು. ಕುದಿಸಲು ಹೇಳಿಲ್ಲವೇಕೆ ಎಂದು ಯೋಚಿಸಿದ ಆಕೆ, ಶಾಖದಿಂದ ಗುಣ ಕೆಡುತ್ತಿರಬೇಕೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಸಾರ ತೆಗೆದರು. ೧೯೭೧ರಲ್ಲಿ ಅದು ಇಲಿಗಳಲ್ಲಿ ಪೂರ್ಣ ಫಲ ನೀಡಿತು. ಅದರಿಂದ ಬಂದ ಆರ್ಟಿಮಿಸಿನಿನ್ ಅಸಂಖ್ಯ ಪ್ರಾಣಗಳನ್ನು ಉಳಿಸಿದೆ. ೨೦೧೫ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ದೊರೆಯಿತು. ಪರೀಕ್ಷೆಯಲ್ಲಿ ಗೆದ್ದ ಹಳೆಯ ವಿದ್ಯೆಗೆ ಇದಕ್ಕಿಂತ ಹೆಚ್ಚಿನ ಗೌರವ ಯಾವುದು?

ಇಷ್ಟು ಹೇಳಲು ಕಾರಣವುಂಟು. ನನ್ನ ಸಹೋದ್ಯೋಗಿಗಳಾಗಿದ್ದ ಓರ್ವ ಶಿಕ್ಷಕರು, ಹೆಸರು ಬೇಡ, ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಎಲ್ಲಿಯದೋ ಶಿಬಿರವೊಂದರಲ್ಲಿ, ಸೂಜಿಯಿಂದ ಸಕ್ಕರೆ ಕಾಯಿಲೆಯೇ ಬೇರುಸಹಿತ ಹೋಗುವುದು, ಇನ್ಸುಲಿನ್ ಬಿಡಿರಿ ಎಂದರು. ಅವರು ನಂಬಿ ಬಿಟ್ಟರು. ಕಾಲಿನ ಸಣ್ಣ ಗಾಯವೊಂದು ಮಾಯದೆ ಕೊಳೆತು, ಎರಡು ಬೆರಳುಗಳನ್ನು ಕತ್ತರಿಸಬೇಕಾಯಿತು. ಸೂಜಿಯು ಅವರಿಗೆ ಅಪಾಯ ಮಾಡಲಿಲ್ಲ, ಬಿಟ್ಟ ಔಷಧ ಮಾಡಿತು.

ಚಿಕಿತ್ಸೆಗೆ ಹೋಗುವವರು ಗಮನಿಸತಕ್ಕ ಸಂಗತಿಗಳು ಕೆಲವಿವೆ. ಕೇಂದ್ರ ಆರೋಗ್ಯ ಮಂತ್ರಾಲಯವು ೨೦೧೯ರಲ್ಲಿ ಇದನ್ನು ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿದೆ. ಮಹಾರಾಷ್ಟ್ರದಲ್ಲಿ ಇದಕ್ಕಾಗಿಯೇ ೨೦೧೫ರ ಕಾಯ್ದೆಯಿದ್ದು, ಚಿಕಿತ್ಸಕರ ನೋಂದಣಿಯ ವ್ಯವಸ್ಥೆಯಿದೆ. ನೋಂದಣಿ ಪತ್ರವನ್ನು ಕೇಳಲು ಸಂಕೋಚ ಬೇಡ. ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಹರಿಯಬೇಕು, ಒಮ್ಮೆ ಬಳಸಿದ್ದನ್ನು ಎಸೆಯಬೇಕು. ಒಬ್ಬರ ಸೂಜಿ ಇನ್ನೊಬ್ಬರಿಗಾದರೆ ರಕ್ತದ ಮೂಲಕ ಕಾಮಾಲೆ ಅಂಟೀತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ಗರ್ಭಿಣಿಯರೂ ಮೊದಲೇ ತಿಳಿಸಬೇಕು. ಎದೆಯ ಮೇಲೆ ಆಳವಾಗಿ ಚುಚ್ಚಿದಾಗ ಶ್ವಾಸಕೋಶಕ್ಕೆ ತೂತು ಬಿದ್ದ ಉದಾಹರಣೆಗಳಿವೆ. ಐದಾರು ಸಲ ಹೋದರೂ ವ್ಯತ್ಯಾಸ ಕಾಣದಿದ್ದರೆ ಬೀಡಿ ಕಟ್ಟಿ ಗಳಿಸಿದ ಹಣವನ್ನು ಅಲ್ಲಿಗೆ ಮತ್ತೆ ಒಯ್ಯುವುದು ಬೇಡ. ನಡೆಯುತ್ತಿರುವ ಮಾತ್ರೆಗಳ ಚೀಟಿಯನ್ನು ಸೂಜಿಯವರಿಗೆ ತೋರಿಸಿರಿ, ಸೂಜಿಯ ಸಂಗತಿಯನ್ನು ನಿಮ್ಮ ಡಾಕ್ಟರರಿಗೆ ಹೇಳಿರಿ. ಮಾತ್ರೆ ನಿಲ್ಲಿಸುವ ಅಧಿಕಾರ ಅದನ್ನು ಬರೆದುಕೊಟ್ಟವರದು.