ರಕ್ತಪರೀಕ್ಷೆಯಿಂದ ವಿಕಿರಣಪ್ರಮಾಣದ ನಿರ್ಣಯ

ರೋಣ ಸೀಮೆಯ ಅಬ್ಬಿಗೇರಿಯೇ ಮೊದಲಾದ ಗ್ರಾಮಗಳಲ್ಲಿ ಚಾಳುಕ್ಯರ ಕಾಲದ ಶಿಲಾಶಾಸನಗಳು ದೊರೆತಿರುವುವು. ಇಂತಹ ಶಾಸನವೊಂದರಲ್ಲಿ ಶಕವರ್ಷವನ್ನು ಹೇಳುವ ಭಾಗವು ಸವೆದುಹೋಗಿದ್ದರೆ, ಕಾಲವು ನಿಶ್ಚಿತವಾಗಿರುವ ಇತರ ಶಾಸನಗಳ ಲಿಪಿಯೊಡನೆ ಅದರ ಲಿಪಿಯನ್ನು ಹೋಲಿಸಿ ವಿದ್ವಾಂಸರು ಕಾಲನಿರ್ಣಯವನ್ನು ಮಾಡುವರು. ಮನುಷ್ಯನ ದೇಹಕ್ಕೆ ತಾಗಿದ ವಿಕಿರಣವು ಎಷ್ಟೆಂಬುದನ್ನು ಅವನ ರಕ್ತದಿಂದ ತಿಳಿಯುವ ಕ್ರಮವೂ ಇದೇ ಜಾತಿಯ ಅನುಮಾನವಾಗಿರುವುದು.

ಅಣುವಿದ್ಯುತ್ಕೇಂದ್ರಗಳ ಕೆಲಸಗಾರರು ವಿಕಿರಣವನ್ನಳೆಯುವ ಬಿಲ್ಲೆಯನ್ನು ಧರಿಸಿರುವರು. ಅಕಸ್ಮಾತ್ತಾಗಿ ಅಪಾಯಕ್ಕೀಡಾಗುವ ಇತರ ಜನರಿಗೆ ಆ ಸಾಧನವಿರುವುದಿಲ್ಲ. 2010ನೆಯ ಇಸವಿಯಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಗೆ ಬಂದ ಕೋಬಾಲ್ಟ್-60ರಿಂದ ಹಲವರು ಅಸ್ವಸ್ಥರಾಗಿ, ಒಬ್ಬನು ಮೃತನಾದನು. 1 ಗ್ರೇ ಎಂಬ ಪ್ರಮಾಣವನ್ನು ಮೀರಿದರೆ ಸಾಮಾನ್ಯವಾಗಿ ವ್ಯಾಧಿಯು ತಲೆದೋರುವುದು; 4 ಗ್ರೇಯ ಸಮೀಪದಲ್ಲಿ, ಚಿಕಿತ್ಸೆ ದೊರೆಯದವರ ಪೈಕಿ ಸುಮಾರು ಅರ್ಧದಷ್ಟು ಜನರು ಎರಡು ತಿಂಗಳೊಳಗೆ ಸಾಯುವರು. ಆದುದರಿಂದ ಯಾರಿಗೆ ಒಡನೆಯೇ ಚಿಕಿತ್ಸೆ ಬೇಕು, ಯಾರನ್ನು ಧೈರ್ಯಹೇಳಿ ಮನೆಗೆ ಕಳುಹಿಸಬಹುದು ಎಂಬ ವಿಂಗಡಣೆಯು ಶೀಘ್ರವಾಗಿ ಆಗತಕ್ಕದ್ದು.

ರೂಢಿಯಲ್ಲಿರುವ ಪದ್ಧತಿಯಲ್ಲಿ ರಕ್ತದ ಬಿಳಿಯ ಕಣಗಳನ್ನು ಸುಮಾರು 48 ಗಂಟೆಗಳ ಕಾಲ ಬೆಳೆಯಿಸಿ, ಮುರಿದು ತಪ್ಪಾಗಿ ಕೂಡಿಕೊಂಡ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವರು. ಇದು ವಿಶ್ವಾಸಾರ್ಹವಾದರೂ ನಿಧಾನವಾದುದು. ನೂತನ ಪದ್ಧತಿಯು ವಂಶವಾಹಿಗಳ ಅಭಿವ್ಯಕ್ತಿಯನ್ನು ಅವಲಂಬಿಸಿರುವುದು. ವಿಕಿರಣದಿಂದ ಕಣದೊಳಗಿನ ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಎಂಬ ಪ್ರೋಟೀನು ಜಾಗೃತವಾಗಿ, ಎಫ್‌ಡಿಎಕ್ಸ್‌ಆರ್, ಸಿಡಿಕೆಎನ್1ಎ ಮುಂತಾದ ವಂಶವಾಹಿಗಳನ್ನು ಪ್ರಚೋದಿಸುವುದು. ಆಗ ಅವುಗಳ ಆಜ್ಞೆಯನ್ನು ಒಯ್ಯುವ ಆರ್‌ಎನ್‌ಎಯು ಹೆಚ್ಚುವುದು. ಈ ಹೆಚ್ಚಳವನ್ನು ಕೆಲವೇ ಗಂಟೆಗಳಲ್ಲಿ ಅಳೆಯಬಹುದು.

ಇಲ್ಲಿ ಆರ್‌ಎನ್‌ಎಯ ವೃದ್ಧಿಯೇ ಲಿಂಗವು, ವಿಕಿರಣಪ್ರಮಾಣವು ಸಾಧ್ಯವು. ಇವೆರಡರ ವ್ಯಾಪ್ತಿಯನ್ನು ತಿಳಿಯಲು, ಆರೋಗ್ಯವಂತರ ರಕ್ತಕ್ಕೆ ಗೊತ್ತಾದ ಪ್ರಮಾಣಗಳ ವಿಕಿರಣವನ್ನು ಪ್ರಯೋಗಶಾಲೆಯಲ್ಲಿ ತಾಗಿಸಿ, ಒಂದೊಂದು ಪ್ರಮಾಣಕ್ಕೂ ಎಷ್ಟು ವೃದ್ಧಿಯಾಗುವುದೆಂದು ರೇಖಿಸಿಕೊಳ್ಳುವರು. ಕಾಲವು ತಿಳಿದ ಶಾಸನಗಳ ಸ್ಥಾನದಲ್ಲಿ ಈ ರೇಖೆಯು ನಿಲ್ಲುವುದು.

ಆದರೆ ನೈಯಾಯಿಕರು ಹೇಳುವ ಉಪಾಧಿಯು ಇಲ್ಲಿಯೂ ಉಂಟು. ಉರಿಯೂತವಿದ್ದರೆ ವಿಕಿರಣವಿಲ್ಲದೆಯೂ ಕೆಲವು ವಂಶವಾಹಿಗಳ ಅಭಿವ್ಯಕ್ತಿಯು ಬದಲಾಗುವುದುಂಟು. ವ್ಯಕ್ತಿಯಿಂದ ವ್ಯಕ್ತಿಗೂ ಭೇದವಿರುವುದು. ಅಲ್ಲದೆ ಈ ಲಕ್ಷಣವು ಕೆಲವು ದಿನಗಳಲ್ಲಿ ಅಳಿಸಿಹೋಗುವುದು. ರಕ್ತವನ್ನು ತೆಗೆದ ವೇಳೆಯನ್ನರಿಯದೆ ಮಾಡಿದ ನಿರ್ಣಯವು ಹೇತ್ವಾಭಾಸದಲ್ಲಿ ಪರ್ಯವಸಾನವಾಗಬಹುದು. ಒಂದೇ ವಂಶವಾಹಿಯನ್ನು ನಂಬದೆ ಹಲವನ್ನು ಒಟ್ಟಿಗೆ ನೋಡುವುದು ಈ ಕಾರಣದಿಂದಲೇ.

ಈ ಪದ್ಧತಿಗೆ ವಿಷಯವಲ್ಲದ ಪ್ರಸಂಗಗಳೂ ಇರುವುವು. ಕಾಳೀನದಿಯ ತೀರದ ಕೈಗಾ ಸ್ಥಾವರದಲ್ಲಿ 2009ನೆಯ ನವೆಂಬರಿನಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತು, ಐವತ್ತಕ್ಕೂ ಹೆಚ್ಚು ಜನ ಕೆಲಸಗಾರರ ದೇಹವನ್ನು ಸೇರಿದ ಸಂಗತಿಯು ಮೂತ್ರಪರೀಕ್ಷೆಯಿಂದ ಪ್ರಕಟವಾಯಿತು. ಟ್ರಿಟಿಯಂ ನೀರಿನೊಡನೆಯೇ ದೇಹದಲ್ಲಿ ಸಂಚರಿಸಿ ಹೊರಬೀಳುವುದರಿಂದ, ಅದರ ಅಲ್ಪಪ್ರಮಾಣಕ್ಕೂ ಮೂತ್ರವೇ ಉತ್ತಮ ಸಾಕ್ಷಿ. ರಕ್ತದ ವಂಶವಾಹಿಗಳಾದರೋ ಹೊರಗಿನಿಂದ ಬಂದ ಅಧಿಕ ಪ್ರಮಾಣಕ್ಕೆ ಹೆಚ್ಚು ಸ್ಪಷ್ಟವಾಗಿ ಸಾಕ್ಷಿನುಡಿಯುವುವು.

ಆದುದರಿಂದ ಅವಘಡವಾದೊಡನೆ ರೋಗಿಗಳನ್ನು ವಿಂಗಡಿಸುವುದಕ್ಕೆ ವಂಶವಾಹಿಗಳ ಪರೀಕ್ಷೆಯೂ, ಅನಂತರ ಪ್ರಮಾಣವನ್ನು ದೃಢಪಡಿಸಿಕೊಳ್ಳುವುದಕ್ಕೆ ವರ್ಣತಂತುಗಳ ಎಣಿಕೆಯೂ ಪರಸ್ಪರ ಪೂರಕವಾಗಿ ನಡೆಯತಕ್ಕವು.