ಚಂದಾ ಕಟ್ಟಿ ಕೇಳಿದ ಕನ್ನಡ



ಕನ್ನಡ ಹಾಡು ಬೇಕೆನಿಸಿದರೆ ನೀವು ಮೊಬೈಲಿನ ಮೇಲೆ ಬೆರಳಾಡಿಸುತ್ತೀರಿ. ಅರೆಕ್ಷಣದಲ್ಲಿ ಹಾಡು ಹಾಜರು. ಮುಂಬಯಿ, ಪುಣೆಗಳಿಗೆ ಬಂದು ನೆಲೆಸಿದ ನಿಮ್ಮ ಹಿರಿಯರಿಗೆ ಈ ಅನುಕೂಲವಿರಲಿಲ್ಲ. ರಾತ್ರಿಯಾದ ಮೇಲೆ ರೇಡಿಯೋದ ಮುಳ್ಳು ತಿರುಗಿಸಿ ಧಾರವಾಡವನ್ನೋ ಬೆಂಗಳೂರನ್ನೋ ಹುಡುಕಬೇಕಿತ್ತು. ಗೊರಗೊರ ಸದ್ದಿನ ನಡುವೆ ನಾಲ್ಕು ಕನ್ನಡ ಮಾತು ಕೇಳಿಸಿದರೆ ಅದೇ ಹಬ್ಬ.

ಇಂಥ ಹೊತ್ತಿನಲ್ಲಿ ಕನ್ನಡ ಆಕಾಶದಿಂದಲೇ ಇಳಿದು ಬಂತು. ಆ ಸೇವೆಯ ಹೆಸರು ವರ್ಲ್ಡ್‌ಸ್ಪೇಸ್. ಇಥಿಯೋಪಿಯಾದಲ್ಲಿ ಹುಟ್ಟಿದ ನೋವಾ ಸಮಾರಾ 1990ರಲ್ಲಿ ಅಮೆರಿಕದಲ್ಲಿ ಈ ಸಂಸ್ಥೆ ಕಟ್ಟಿದರು. 1998ರಲ್ಲಿ ಆಫ್ರಿಕಾಕ್ಕೆಂದು ಆಫ್ರಿಸ್ಟಾರ್, 2000ದಲ್ಲಿ ನಮ್ಮ ಕಡೆಗೆ ಏಷ್ಯಾಸ್ಟಾರ್ ಉಪಗ್ರಹ ಮೇಲೇರಿದವು. ಸುಮಾರು 36,000 ಕಿ.ಮೀ. ಎತ್ತರದಿಂದ ಬರುವ ದನಿಯನ್ನು ಹಿಡಿಯಲು ಬೇಕಾದದ್ದು ವಿಶೇಷ ರೇಡಿಯೋ, ಜೊತೆಗೊಂದು ಪುಟ್ಟ ಆಂಟೆನಾ. ಮುಂಬಯಿಯವರು ಅದನ್ನು ಆಗ್ನೇಯ ದಿಕ್ಕಿಗೆ ತಿರುಗಿಸಿಡಬೇಕು. ಎದುರಿಗೆ ಎತ್ತರದ ಕಟ್ಟಡವಿದ್ದರೆ ಹಾಡಿಲ್ಲ!

ಚಂದಾ ಕಟ್ಟಿದವರಿಗೆ ಕನ್ನಡಕ್ಕೇ ಮೀಸಲಾದ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಂಧರ್ವ’ ವಾಹಿನಿಗಳು ಸಿಗುತ್ತಿದ್ದವು. ದೆಹಲಿಯಲ್ಲಿದ್ದರೇನು, ಚೆನ್ನೈಯಲ್ಲಿದ್ದರೇನು, ದನಿ ಒಂದೇ ಸಮ. ಊರಿನ ಎಲ್ಲೆ ದಾಟದ ಎಫ್.ಎಂ.ಗೆ ಇದು ಸಾಧ್ಯವಿರಲಿಲ್ಲ.

ಆದರೆ ಉಪಗ್ರಹ ಹಾರಿಸಲು ಮಾಡಿದ ಸಾಲ ದೊಡ್ಡದು, ಚಂದಾದಾರರು ಕಡಿಮೆ. ಇತ್ತ 2001ರಿಂದ ಖಾಸಗಿ ಎಫ್.ಎಂ. ಕೇಂದ್ರಗಳು ಪುಕ್ಕಟೆಯಾಗಿ ಹಾಡತೊಡಗಿದವು. ಅಮೆರಿಕದಲ್ಲಿ ಇದೇ ಬಗೆಯ ಎಕ್ಸ್‌ಎಂ, ಸಿರಿಯಸ್ ಸೇವೆಗಳು ಕಾರಿನೊಳಗೆ ಜಾಗ ಹಿಡಿದು, 2008ರಲ್ಲಿ ಒಂದಾಗಿ, ಇಂದಿಗೂ ನಡೆಯುತ್ತಿವೆ. ವರ್ಲ್ಡ್‌ಸ್ಪೇಸ್ ಮಾತ್ರ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು. ಅದರ ಅತಿ ಹೆಚ್ಚು ಚಂದಾದಾರರಿದ್ದದ್ದು ಭಾರತದಲ್ಲಿ. ಆದರೂ 2009ರ ಡಿಸೆಂಬರ್ 31ಕ್ಕೆ ಇಲ್ಲಿನ ಸೇವೆ ನಿಂತುಹೋಯಿತು. ದುಡ್ಡು ಕೊಟ್ಟು ತಂದ ರೇಡಿಯೋ ಮೂಕವಾಯಿತು, ‘ಸ್ಪರ್ಶ’ವೂ ಇಲ್ಲವಾಯಿತು.

ಈ ಹಳೆಯ ಕಥೆ ನಿಮಗೇಕೆ ಎನ್ನುವಿರಾ? ನೀವಿಂದು ತಿಂಗಳ ಚಂದಾ ಕಟ್ಟಿ ಕೇಳುವ ಹಾಡುಗಳೂ ಬಾಡಿಗೆ ಮನೆಯಂತೆಯೇ. ಮಾಲೀಕ ಬೀಗ ಹಾಕಿದ ದಿನ ನಾವು ಬೀದಿಯಲ್ಲಿ. ಚಂದಾ ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ, ಧಾರಾಳವಾಗಿ ಕೇಳಿ. ಆದರೆ ಯಾರೂ ಬೀಗ ಹಾಕಲಾರದ ಕನ್ನಡವೂ ನಿಮ್ಮಲ್ಲಿ ಸ್ವಲ್ಪ ಇರಲಿ. ಅಜ್ಜಿಗೆ ಬರುವ ಹಸೆ ಹಾಡು, ಬೀಸುವ ಪದ, ಅಜ್ಜ ಹೇಳುವ ಊರ ಜಾತ್ರೆಯ ಸುದ್ದಿ, ಇವು ಯಾವ ವಾಹಿನಿಯಲ್ಲೂ ಸಿಗವು. ನಿಮ್ಮ ಮೊಬೈಲಿನಲ್ಲೇ ಧ್ವನಿಮುದ್ರಿಸಿಕೊಳ್ಳಿ. ತಿಳಿಯದ ಮಾತಿನ ಅರ್ಥ ಕೇಳಿ ಬರೆದಿಡಿ. ಒಂದೆರಡು ಹಾಡು ಬಾಯಿಪಾಠ ಮಾಡಿ.

ಮುಂದಿನ ರಜೆಗೆಂದು ಕಾಯಬೇಡಿ. ಅಜ್ಜಿಯ ದನಿ ಗಟ್ಟಿಯಾಗಿರುವಾಗಲೇ ಶುರುಮಾಡಿ.