ಗುಟ್ಟು ಬಿಟ್ಟು ಹೊನ್ನು ಪಡೆದ ಗಣಿ

ನಿಧಿ ಹೂತಿರುವ ಜಾಗವನ್ನು ಬಲ್ಲವನು ಅದನ್ನು ಸಂತೆಯಲ್ಲಿ ನಿಂತು ಸಾರುವುದಿಲ್ಲ. ಗಣಿಗಳ ಒಡೆಯರಂತೂ ಈ ವಿಷಯದಲ್ಲಿ ಜಿಪುಣರಿಗಿಂತ ಜಿಪುಣರು. ನೆಲದೊಳಗೆ ಎಲ್ಲೆಲ್ಲಿ ರಂಧ್ರ ಕೊರೆಯಿತು, ಎಷ್ಟು ಆಳದಲ್ಲಿ ಯಾವ ಬಗೆಯ ಶಿಲೆ ದೊರೆಯಿತು, ಅದರಲ್ಲಿ ಲೋಹದ ಅಂಶವೆಷ್ಟು ಎಂಬ ಲೆಕ್ಕಗಳೆಲ್ಲವೂ ಅವರ ಪಾಲಿಗೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕತಕ್ಕ ವಸ್ತುಗಳು. ಹೀಗಿರುವಲ್ಲಿ, 2000ದ ಮಾರ್ಚ್ ತಿಂಗಳಲ್ಲಿ ಕೆನಡಾ ದೇಶದ ಒಂದು ಚಿನ್ನದ ಗಣಿಯ ಸಂಸ್ಥೆಯು ತನ್ನ ನೆಲದ ಸಮಸ್ತ ಲೆಕ್ಕಪತ್ರಗಳನ್ನೂ ಅಂತರ್ಜಾಲದಲ್ಲಿ ತೆರೆದಿಟ್ಟು, ಚಿನ್ನವೆಲ್ಲಿದೆಯೆಂಬುದನ್ನು ಸೂಚಿಸಿದವರಿಗೆ ಬಹುಮಾನ ಕೊಡುವುದಾಗಿ ಲೋಕಕ್ಕೆಲ್ಲ ಡಂಗುರ ಹೊಡೆಯಿತು. ಆ ಉದ್ಯಮದಲ್ಲಿ ತಲೆ ನರೆತವರು ಬೆರಗಾದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಸಂಸ್ಥೆಯ ಹೆಸರು ಗೋಲ್ಡ್‌ಕಾರ್ಪ್. ಉದ್ಯಮಗಳು ಹೊರಗಿನವರ ಬುದ್ಧಿಯನ್ನು ಜೊತೆಗೂಡಿಸಿಕೊಂಡು ಹೊಸದನ್ನು ಸಾಧಿಸುವ ಬಗೆ ಎಂತಹುದೆಂಬುದಕ್ಕೆ ಅದರ ಕಥೆಗಿಂತ ಸೊಗಸಾದ ನಿದರ್ಶನ ದೊರೆಯುವುದು ಕಷ್ಟ.

ಕೆಂಪು ಸರೋವರದ ಸೀಮೆ

ಕೆನಡಾದ ಆಂಟೇರಿಯೊ ಪ್ರಾಂತದ ವಾಯವ್ಯ ಮೂಲೆಯಲ್ಲಿ ರೆಡ್ ಲೇಕ್, ಎಂದರೆ ಕೆಂಪು ಸರೋವರ ಎಂಬ ಸೀಮೆಯಿದೆ. ಕಾಡು, ಕೆರೆ, ಬಂಡೆ, ವರ್ಷದಲ್ಲಿ ಹಲವು ತಿಂಗಳು ಹಿಮ. 1925ರಲ್ಲಿ ಹೋವಿ ಎಂಬ ಮನೆತನದ ಸೋದರರು ಅಲ್ಲಿ ಚಿನ್ನದ ಸುಳಿವು ಕಂಡರು. ಮರುವರ್ಷವೇ ಹೊನ್ನಿನ ಆಸೆಗೆ ಬಿದ್ದ ಜನ ನಾಯಿಗಳೆಳೆಯುವ ಹಿಮಬಂಡಿಗಳಲ್ಲಿಯೂ ಪುಟ್ಟ ವಿಮಾನಗಳಲ್ಲಿಯೂ ಆ ಕಾಡಿಗೆ ನುಗ್ಗಿದರು. ಅನಂತರ ಅಲ್ಲಿ ಒಂದಾದ ಮೇಲೊಂದು ಗಣಿಗಳು ಎದ್ದುವು. 1948ರಿಂದ ಚಿನ್ನ ತೆಗೆಯುತ್ತ ಬಂದಿದ್ದ ಒಂದು ಗಣಿಯು ಕಾಲಕ್ರಮದಲ್ಲಿ ಗೋಲ್ಡ್‌ಕಾರ್ಪ್ ಸಂಸ್ಥೆಯ ವಶಕ್ಕೆ ಬಂದಿತು.

ಸಂಸ್ಥೆಯ ಮುಖ್ಯಸ್ಥರಾದ ರಾಬ್ ಮೆಕ್ಯೂಎನ್ ಹುಟ್ಟು ಗಣಿಗಾರರಲ್ಲ; ಹಣ ಹೂಡಿಕೆಯ ವ್ಯವಹಾರದಿಂದ ಬಂದವರು. ಅವರ ಕೈಗೆ ಬಂದ ಗಣಿಯೋ ಮುಪ್ಪು ಹಿಡಿದದ್ದು. 1996ರ ಸುಮಾರಿನಲ್ಲಿ ವರ್ಷಕ್ಕೆ 53,000 ಔನ್ಸ್ ಚಿನ್ನ ಹೊರಬರುತ್ತಿದ್ದಿತು. ಒಂದೊಂದು ಔನ್ಸಿಗೂ ತಗಲುತ್ತಿದ್ದ ವೆಚ್ಚ 360 ಡಾಲರ್. ಚಿನ್ನ ಅಳೆಯುವ ಔನ್ಸ್ ಎಂದರೆ ಸುಮಾರು 31 ಗ್ರಾಂ. ಹಳೆಯ ತೊಲದ ಲೆಕ್ಕದಲ್ಲಿ ಎರಡೂವರೆ ತೊಲಕ್ಕಿಂತ ತುಸು ಹೆಚ್ಚು. ಮಾರುವ ಬೆಲೆಗೂ ತೆಗೆಯುವ ವೆಚ್ಚಕ್ಕೂ ಅಂತರ ಕರಗುತ್ತ ಬಂದರೆ ಗಣಿಯ ಗತಿ ಏನಾಗುವುದೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುದು ಇಂತಹ ನಷ್ಟದ ಲೆಕ್ಕದಿಂದಲೇ. ಗಣಿ ಮುಚ್ಚಿದರೆ ಬಾವಿಯೊಂದೇ ಮುಚ್ಚುವುದಿಲ್ಲ. ಅದನ್ನೇ ನಂಬಿ ಬೆಳೆದ ಊರಿನ ಒಲೆಗಳೂ ಆರುತ್ತವೆ.

ಕೆಂಪು ಸರೋವರದಲ್ಲಿ ಇದರ ಮೇಲೆ ಕಾರ್ಮಿಕರ ಮುಷ್ಕರವೂ ಬಂದೊದಗಿತು. 1996ರಲ್ಲಿ ಹೂಡಿದ ಮುಷ್ಕರ 2000ದವರೆಗೂ ಮುಗಿಯಲಿಲ್ಲ. ಆದರೂ ಮೆಕ್ಯೂಎನ್ ಅವರಿಗೆ ಒಂದು ಆಸೆ. ಪಕ್ಕದಲ್ಲಿಯೇ ಇದ್ದ ಕ್ಯಾಂಬೆಲ್ ಗಣಿಯು ಇವರದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊನ್ನನ್ನು ಕೊಟ್ಟಿದ್ದಿತು. ಬೇಲಿಯ ಆಚೆ ಇರುವ ಸಿರಿ ಈಚೆಗೆ ಮಾತ್ರ ಇಲ್ಲದೆ ಹೋಗಲು ಶಿಲೆಗೇನು ಬೇಲಿಯ ಗುರುತು ಗೊತ್ತೆ? 1995ರಲ್ಲಿ ಸಂಸ್ಥೆಯವರೇ ಆಳಕ್ಕೆ ಕೊರೆದು ನೋಡಿದಾಗ ಬಹು ಸಮೃದ್ಧವಾದ ಅದಿರು ಕಂಡುಬಂದು ಆ ಆಸೆಗೆ ಬಲ ಬಂದಿತು. ಆದರೆ ಅದು ಎತ್ತ ಹರಡಿದೆ, ಅಂತಹುದು ಮತ್ತೆಲ್ಲಿದೆ ಎಂಬುದು ಮಾತ್ರ ಬಗೆಹರಿಯಲಿಲ್ಲ. 55,000 ಎಕರೆಗಳ ವಿಸ್ತಾರದಲ್ಲಿ ಎಲ್ಲಿ ಕೊರೆಯಬೇಕು? ಒಂದೊಂದು ರಂಧ್ರಕ್ಕೂ ಹಣ ಸುರಿಯಬೇಕು. ಕಲ್ಲು ಮಾತ್ರವೇ ಸಿಕ್ಕರೆ ಸುರಿದ ಹಣ ಹೋಯಿತು.

ಬೇರೊಂದು ವಿದ್ಯೆಯ ಪಾಠ

ಇಂತಹ ಸಂಕಟದ ನಡುವೆ, 1999ರಲ್ಲಿ, ಮೆಕ್ಯೂಎನ್ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಯುವ ಉದ್ಯಮಿಗಳಿಗಾಗಿ ಏರ್ಪಟ್ಟಿದ್ದ ಒಂದು ಕೂಟಕ್ಕೆ ಹೋಗಿದ್ದರು. ಅಲ್ಲಿ ಲಿನಕ್ಸ್ ಎಂಬ ಗಣಕಯಂತ್ರದ ವ್ಯವಸ್ಥೆಯ ವಿಚಾರವಾಗಿ ಉಪನ್ಯಾಸ ನಡೆಯಿತು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ತಾನು ಬರೆದ ಆದೇಶಾವಳಿಯನ್ನು ಮುಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟುದು, ಮುಖಪರಿಚಯವೂ ಇಲ್ಲದ ಸಾವಿರಾರು ಮಂದಿ ಅದನ್ನು ತಿದ್ದಿ ತೀಡಿ ಬೆಳೆಸಿದುದು ಆ ಉಪನ್ಯಾಸದ ವಸ್ತು.

ಗಣಿಗೂ ಗಣಕಯಂತ್ರಕ್ಕೂ ಏನು ನಂಟು? ಕೇಳುತ್ತಿದ್ದ ಮೆಕ್ಯೂಎನ್ ಅವರಿಗೆ ನಂಟು ಹೊಳೆಯಿತು. ತಮ್ಮ ಭೂವಿಜ್ಞಾನಿಗಳಿಗೆ ತಿಳಿಯದ ಎಡೆಯನ್ನು ಲೋಕದಲ್ಲಿ ಇನ್ನಾರಾದರೂ ಗುರುತಿಸಬಾರದೇಕೆ? ಆ ಇನ್ನಾರೋ ಯಾರೆಂಬುದು ತಮಗೆ ಗೊತ್ತಿಲ್ಲದಿದ್ದರೆ, ಅವರಿಗೇ ತಿಳಿಯುವಂತೆ ಕೂಗಿ ಹೇಳಿದರಾಯಿತು!

ಸಂಸ್ಥೆಗೆ ಮರಳಿ ಈ ಯೋಚನೆಯನ್ನು ಮುಂದಿಟ್ಟಾಗ ಭೂವಿಜ್ಞಾನಿಗಳು ಒಪ್ಪಲಿಲ್ಲ. ಅವರ ಅಳುಕು ಅಕಾರಣವಾದುದಲ್ಲ. ಮೊದಲನೆಯದಾಗಿ, ಮನೆಯ ಗುಟ್ಟು ರಟ್ಟಾಗುವ ಭಯ. ಎರಡನೆಯದು, ಮಾನದ ಪ್ರಶ್ನೆ. ಹೊನ್ನು ಹುಡುಕುವುದೇ ವೃತ್ತಿಯಾದವರು ಅದು ತಮ್ಮಿಂದ ಆಗಲಿಲ್ಲವೆಂದು ಜಗತ್ತಿಗೆ ಡಂಗುರ ಸಾರಿದಂತಾಗುವುದಿಲ್ಲವೆ? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ತಾವೇ ಉದಾಹರಣೆಯಾಗಲು ಯಾವ ವಿದ್ಯಾವಂತನ ಮನಸ್ಸು ತಾನೆ ಒಪ್ಪೀತು?

ಸಾಗರದಾಚೆಯ ಕಣ್ಣು

ಕಡೆಗೆ ಮೆಕ್ಯೂಎನ್ ಅವರ ಮಾತೇ ನಡೆಯಿತು. 1948ರಿಂದ ಶೇಖರವಾಗಿದ್ದ ನಕಾಶೆಗಳು, ಕೊರೆತದ ವರದಿಗಳು, ಶಿಲೆಗಳ ಪರೀಕ್ಷೆಯ ಅಂಕಿಗಳು ಎಲ್ಲವನ್ನೂ ಗಣಕಯಂತ್ರಕ್ಕೆ ಒಗ್ಗುವಂತೆ ಅಳವಡಿಸಿ ಲೋಕದ ಮುಂದಿಟ್ಟರು. ಬಹುಮಾನಗಳ ಒಟ್ಟು ಮೊತ್ತ 5,75,000 ಡಾಲರ್. ಸುಮಾರು 50 ದೇಶಗಳ ಸಾವಿರಕ್ಕೂ ಹೆಚ್ಚು ಮಂದಿ ಕಣಕ್ಕಿಳಿದರು. ಅವರಲ್ಲಿ ಭೂವಿಜ್ಞಾನಿಗಳಿದ್ದಂತೆ ಗಣಿತಜ್ಞರೂ ಭೌತವಿಜ್ಞಾನಿಗಳೂ ಸೇನಾಧಿಕಾರಿಗಳೂ ವಿದ್ಯಾರ್ಥಿಗಳೂ ಇದ್ದರು. ಗಣಿಯ ಬಾಯಿಯನ್ನೇ ಕಾಣದವರು ಅದರ ಗರ್ಭವನ್ನು ಓದಲು ಕುಳಿತರು.

2001ರಲ್ಲಿ ಫಲಿತಾಂಶ ಹೊರಬಿದ್ದಿತು. ಮೊದಲ ಬಹುಮಾನ ಆಸ್ಟ್ರೇಲಿಯದ ಎರಡು ತಂಡಗಳಿಗೆ ಸಂದಿತು. ಪರ್ತ್ ನಗರದ ಫ್ರಾಕ್ಟಲ್ ಗ್ರಾಫಿಕ್ಸ್ ಹಾಗೂ ಕ್ವೀನ್ಸ್‌ಲೆಂಡಿನ ಟೇಲರ್ ವಾಲ್ ಎಂಬುವು ಜೊತೆಗೂಡಿ, ಗಣಿಯ ಒಳಮೈಯನ್ನು ಉದ್ದ, ಅಗಲ, ಆಳಗಳ ಸಮೇತವಾಗಿ ಗಣಕಯಂತ್ರದ ಪರದೆಯ ಮೇಲೆ ಮೂಡಿಸಿದ್ದುವು. ಕಾಗದದ ಮೇಲೆ ಚಪ್ಪಟೆಯಾಗಿ ಮಲಗಿದ್ದ ನಕಾಶೆ ಎದ್ದು ನಿಂತು, ಯಾವ ಬಿರುಕಿನ ಜಾಡು ಎಲ್ಲಿ ಹೊಕ್ಕು ಎಲ್ಲಿ ಹೊರಡುವುದೆಂಬುದನ್ನು ಸುತ್ತಿ ಬಳಸಿ ನೋಡುವಂತಾಯಿತು. ಇಷ್ಟು ಮಾಡಿದ ಫ್ರಾಕ್ಟಲ್ ಗ್ರಾಫಿಕ್ಸ್ ತಂಡದ ನಾಯಕರು ಅದುವರೆಗೆ ಕೆನಡಾದ ನೆಲವನ್ನೇ ಮೆಟ್ಟಿದವರಲ್ಲ!

ಸ್ಪರ್ಧಿಗಳೆಲ್ಲ ಸೇರಿ ಗುರುತಿಸಿದ ಎಡೆಗಳು 110. ಅವುಗಳಲ್ಲಿ ಅರ್ಧದಷ್ಟು ಸಂಸ್ಥೆಯವರಿಗೆ ಅದುವರೆಗೆ ಹೊಳೆಯದೆ ಇದ್ದುವು. ಆ ಹೊಸ ಎಡೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿ ಗಣನೀಯವಾದ ಚಿನ್ನ ದೊರೆಯಿತು. 2001ರಲ್ಲಿ ಗಣಿಯ ಉತ್ಪನ್ನ 5,04,000 ಔನ್ಸಿಗೆ ಏರಿತು. ಔನ್ಸಿನ ವೆಚ್ಚ 59 ಡಾಲರಿಗೆ ಇಳಿಯಿತು.

ನ್ಯಾಯವಾಗಿ ನೋಡಿದರೆ ಈ ಏಳಿಗೆಯ ಕೀರ್ತಿಯೆಲ್ಲವೂ ಹೊರಗಿನವರದಲ್ಲ. ಸಮೃದ್ಧವಾದ ಅದಿರಿನ ಮೊದಲ ಸುಳಿವು ಹಿಡಿದವರು ಸಂಸ್ಥೆಯವರೇ. ಹೊರಗಿನವರು ಸೂಚಿಸಿದ ಎಡೆಗಳಲ್ಲಿ ಅರ್ಧ ಭಾಗವನ್ನು ಅವರು ಮೊದಲೇ ಗುರುತಿಸಿದ್ದರೆಂದ ಮೇಲೆ ಅವರ ವಿದ್ಯೆಯನ್ನು ಹಗುರವಾಗಿ ಕಾಣುವಂತಿಲ್ಲ. ಅರ್ಧ ಶತಮಾನ ಎಡೆಬಿಡದೆ ಬರೆದಿಟ್ಟ ಅವರ ಲೆಕ್ಕಗಳೇ ಇಲ್ಲದಿದ್ದರೆ ಆಸ್ಟ್ರೇಲಿಯದವರು ಓದುವುದಾದರೂ ಏನನ್ನು? ಒಳಗಿನ ದುಡಿಮೆಯ ಮೇಲೆ ಹೊರಗಿನ ಬೆಳಕು ಬಿದ್ದಿತು. ಎರಡೂ ಕೂಡಿದುದರಿಂದ ಕೆಲಸ ಕೈಗೂಡಿತು.

ತೆರೆದ ಬಾಗಿಲಿಗೂ ಹೊಸ್ತಿಲುಂಟು

ಗುಟ್ಟನ್ನೆಲ್ಲ ಬಯಲಿಗಿಟ್ಟರೂ ಗೋಲ್ಡ್‌ಕಾರ್ಪಿನ ಚಿನ್ನವನ್ನು ಯಾರೂ ಕದಿಯಲಿಲ್ಲವೇಕೆ? ಉತ್ತರ ಸರಳ. ಬಿಟ್ಟುಕೊಟ್ಟದ್ದು ಲೆಕ್ಕವನ್ನು ಮಾತ್ರ. ನೆಲದ ಹಕ್ಕು ಸಂಸ್ಥೆಯ ಕೈಯಲ್ಲಿಯೇ ಇದ್ದಿತು. ಪರ್ತ್ ನಗರದಲ್ಲಿ ಕುಳಿತವನಿಗೆ ಹೊನ್ನಿನ ಎಡೆ ತಿಳಿದರೂ ಅಲ್ಲಿ ಗುದ್ದಲಿ ಹಾಕುವ ಅಧಿಕಾರವಿಲ್ಲ. ಅವನ ಜ್ಞಾನ ಫಲಿಸಬೇಕಾದರೆ ಅದನ್ನು ಗಣಿಯ ಒಡೆಯರಿಗೇ ತಂದೊಪ್ಪಿಸಬೇಕು. ಯಾವುದನ್ನು ಹಂಚಿಕೊಂಡರೂ ಕಳೆದುಹೋಗದು, ಯಾವುದನ್ನು ಎಂದೂ ಕೈಬಿಡಲಾಗದು ಎಂಬ ವಿವೇಕ ಉಳ್ಳ ಉದ್ಯಮಿಗೆ ಮಾತ್ರ ಬಾಗಿಲು ತೆರೆಯುವ ಧೈರ್ಯ ಬಂದೀತು.

ಧೈರ್ಯದಂತೆಯೇ ನಂಬಿಕೆಯೂ ಬೇಕು. ಸಮುದ್ರದ ಮೇಲೆ ಹಡಗಿನ ರೇಖಾಂಶವನ್ನು ಅರಿಯುವ ಉಪಾಯಕ್ಕಾಗಿ ಬ್ರಿಟನ್ನಿನ ಪಾರ್ಲಿಮೆಂಟು 1714ರಲ್ಲಿ 20,000 ಪೌಂಡುಗಳವರೆಗೆ ಬಹುಮಾನ ಸಾರಿತ್ತು. ಪಂಡಿತರು ಆಕಾಶದ ಕಡೆ ನೋಡುತ್ತಿದ್ದಾಗ, ಬಡಗಿಯ ಮಗನಾದ ಜಾನ್ ಹ್ಯಾರಿಸನ್ ಅಲುಗಾಡುವ ಹಡಗಿನಲ್ಲಿಯೂ ವೇಳೆ ತಪ್ಪದ ಗಡಿಯಾರವನ್ನು ಮಾಡಿದನು. 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನಲ್ಲಿ ಅದು ಪರೀಕ್ಷೆಯನ್ನು ಗೆದ್ದಿತು. ಆದರೂ ಅಧಿಕಾರಿಗಳು ಒಂದಲ್ಲ ಒಂದು ತಕರಾರು ತೆಗೆದು ಹಣವನ್ನು ಕಂತು ಕಂತಾಗಿ ಕೊಟ್ಟರು. ಕೊನೆಯ ಮೊತ್ತ ಕೈಸೇರಿದುದು 1773ರಲ್ಲಿ. ಆಗ ಅವನಿಗೆ ಎಂಬತ್ತು ವಯಸ್ಸು. ಹೊರಗಿನವನ ಬುದ್ಧಿಯನ್ನು ಪಡೆದು ಕೂಲಿಗೆ ಸತಾಯಿಸುವ ಮನೆಗೆ ಎರಡನೆಯ ಸಲ ಯಾರು ಬಂದಾರು?

ದೊಡ್ಡ ಸಂಸ್ಥೆಗಳೂ ಈ ಪಾಠವನ್ನು ಕಲಿಯಬೇಕಾಯಿತು. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯಲ್ಲಿ ಸಾವಿರಾರು ಸಂಶೋಧಕರಿದ್ದರು. ಆದರೂ 2000ದಲ್ಲಿ ಮುಖ್ಯಸ್ಥರಾದ ಎ. ಜಿ. ಲಾಫ್ಲಿ ಹೊಸ ಪದಾರ್ಥಗಳಲ್ಲಿ ಅರ್ಧದಷ್ಟಕ್ಕೆ ಹೊರಗಿನವರ ಕಲ್ಪನೆ ಬೆರೆಯಬೇಕೆಂದು ಗೊತ್ತುಮಾಡಿದರು. ಆಗ ಅವರ ಒಡೆತನದಲ್ಲಿದ್ದ ಪ್ರಿಂಗಲ್ಸ್ ಎಂಬ ಆಲೂಗೆಡ್ಡೆಯ ಹಪ್ಪಳದಂತಹ ತಿನಿಸಿನ ಮೇಲೆ ಚಿತ್ರಗಳನ್ನೂ ಮಾತುಗಳನ್ನೂ ಅಚ್ಚೊತ್ತಬೇಕೆಂಬ ಬಯಕೆ ಹುಟ್ಟಿತು. ತಿನ್ನುವ ಶಾಯಿ ಯಾರ ಬಳಿ ಇದೆ? ಹುಡುಕಿದಾಗ, ಇಟಲಿಯ ಬೊಲೊನ್ಯಾ ನಗರದಲ್ಲಿ ಒಂದು ಸಣ್ಣ ಬೇಕರಿಯನ್ನು ನಡೆಸುತ್ತಿದ್ದ ಅಧ್ಯಾಪಕರೊಬ್ಬರು ಕೇಕಿನ ಮೇಲೆ ಚಿತ್ರ ಮುದ್ರಿಸುವ ವಿಧಾನವನ್ನು ಆಗಲೇ ಕಂಡುಹಿಡಿದಿದ್ದರು! ಅವರ ನೆರವಿನಿಂದ 2004ರಲ್ಲಿ ಚಿತ್ರದ ತಿನಿಸು ಅಂಗಡಿಗೆ ಬಂದಿತು.

ಮೈಸೂರಿನ ಶಾಯಿ

ಹೊರಗಿನವರೊಡನೆ ಕೂಡುವುದೆಂದರೆ ಎಲ್ಲವನ್ನೂ ಬಯಲು ಮಾಡುವುದೆಂದೇನೂ ಅಲ್ಲ. ಇದಕ್ಕೆ ಸಾಕ್ಷಿ ಕನ್ನಡ ನಾಡಿನಲ್ಲಿಯೇ ಉಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಹಾಗೂ ಬಣ್ಣಗಳ ತಯಾರಿಕೆಗೆಂದು ಮೈಸೂರಿನಲ್ಲಿ ಒಂದು ಕಾರ್ಖಾನೆ ಹುಟ್ಟಿತು. ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎನ್ನಿಸಿಕೊಳ್ಳುವ ಆ ಸಂಸ್ಥೆಯ ಕೀರ್ತಿಯನ್ನು ದೇಶಾಂತರಗಳಿಗೆ ಒಯ್ದುದು ಬಾಗಿಲು ಕಿಟಕಿಗಳ ಬಣ್ಣವಲ್ಲ, ಮತದಾರರ ಬೆರಳಿಗೆ ಹಚ್ಚುವ ಶಾಯಿ. ಅದನ್ನು ರೂಪಿಸಿದವರು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು. ವಿದ್ಯೆಯನ್ನು ಕಾರ್ಖಾನೆಗೆ ಒಪ್ಪಿಸಿದುದು ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮ. ಕೊಳ್ಳುವುದಾಗಿ ಮುಂದೆ ಬಂದುದು ಚುನಾವಣಾ ಆಯೋಗ. 1962ರಲ್ಲಿ ಈ ನಾಲ್ಕು ಕೈಗಳು ಸೇರಿದುವು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣವು ಚರ್ಮದೊಡನೆ ಬೆರೆತು ಬೆಳಕಿಗೆ ಕಪ್ಪಾಗುತ್ತದೆ, ತೊಳೆದರೆ ಹೋಗದು. ಅದರ ಪೂರ್ಣ ಪಾಕವನ್ನು ಮಾತ್ರ ಇಂದಿಗೂ ಗುಟ್ಟಾಗಿ ಕಾಯ್ದಿದ್ದಾರೆ. ಎಲ್ಲರಿಗೂ ತಿಳಿದುಹೋದರೆ ಶಾಯಿಯ ಉದ್ದೇಶವೇ ಕೆಡುವುದು ತಾನೆ!

ಕೆಂಪು ಸರೋವರದಲ್ಲಿ ಗುಟ್ಟು ಬಿಟ್ಟುದರಿಂದ ಲಾಭ. ಮೈಸೂರಿನಲ್ಲಿ ಗುಟ್ಟು ಕಾಯ್ದುದರಿಂದ ಲಾಭ. ದಾರಿ ಎರಡಾದರೂ ಮೂಲದ ಮಾತು ಒಂದೇ: ಬೇಕಾದ ಬುದ್ಧಿಯೆಲ್ಲ ತನ್ನ ಛಾವಣಿಯ ಕೆಳಗೇ ಇದೆಯೆಂದು ಎರಡು ಸಂಸ್ಥೆಗಳೂ ಭ್ರಮಿಸಲಿಲ್ಲ.

ಗೋಲ್ಡ್‌ಕಾರ್ಪ್ ಎಂಬ ಹೆಸರು ಈಗ ಉಳಿದಿಲ್ಲ. 2019ರಲ್ಲಿ ಅದು ನ್ಯೂಮಾಂಟ್ ಎಂಬ ಹಿರಿಯ ಸಂಸ್ಥೆಯಲ್ಲಿ ಲೀನವಾಯಿತು. ಮರುವರ್ಷ ರೆಡ್ ಲೇಕಿನ ಗಣಿಯನ್ನು ಎವೊಲ್ಯೂಷನ್ ಎಂಬ ಮತ್ತೊಂದು ಸಂಸ್ಥೆ ಕೊಂಡಿತು. ಅದು ಆಸ್ಟ್ರೇಲಿಯದ್ದು! ಯಾವ ದೇಶದವರು ಹಿಂದೆ ಪರದೆಯ ಮೇಲೆ ಗಣಿಯ ಜಾಡನ್ನು ಹಿಡಿದಿದ್ದರೋ ಆ ದೇಶದವರ ಕೈಗೇ ಗಣಿಯೂ ಸೇರಿತು. ಒಡೆಯರು ಬದಲಾದರು, ಹೆಸರು ಅಳಿಯಿತು. ಮುಪ್ಪಿನಿಂದ ಮುಚ್ಚಿಹೋಗಬಹುದಾಗಿದ್ದ ಗಣಿ ಮಾತ್ರ ಮುಂದಿನ ತಲೆಮಾರಿನ ಕೆಲಸಗಾರರಿಗೂ ಅನ್ನವಾಗಿ ಉಳಿಯಿತು.